ಗುಜರಿಯವನ ಕೈಗೆ ಕಣ್ಣುಂಟು!

“ಹಳೇ ಪೇಪರ್, ಖಾಲಿ ಸೀಸಾ, ಹಳೇ ಕಬ್ಬಿಣಾ...”

ರಾಜಾಜಿನಗರದ ಬ್ಲಾಕುಗಳಲ್ಲಿ, ವಿಜಯನಗರದ ಅಡ್ಡರಸ್ತೆಗಳಲ್ಲಿ ಈ ಕೂಗು ಕೇಳದ ಮನೆ ಉಂಟೆ? ಈಗ ಕೆಲವರು ಕೂಗುವುದನ್ನೂ ಬಿಟ್ಟಿದ್ದಾರೆ. ಧ್ವನಿ ಮುದ್ರಿಸಿ ಗಾಡಿಗೆ ಸ್ಪೀಕರ್ ಕಟ್ಟಿಕೊಂಡು ಬರುತ್ತಾರೆ. ಗಂಟಲು ಉಳಿಯಿತು, ಬಿಡಿ. ಗೇಟಿನ ಮುಂದೆ ತಳ್ಳುಗಾಡಿ ನಿಂತಿತೆಂದರೆ ಮನೆಯಾಕೆ ಅಟ್ಟದ ಮೇಲಿನ ಚೀಲ ತಂದು ಸುರಿಯುತ್ತಾರೆ. ಒಡೆದ ಬಕೆಟ್ಟು, ಹಾಲಿನ ಕವರು, ಸವೆದ ನಲ್ಲಿ, ಹಿಡಿ ಹೋದ ಪಾತ್ರೆ, ಮಗನ ಹಳೇ ನೋಟ್ ಬುಕ್ಕು. ಅವನು ಒಂದೊಂದನ್ನೇ ಎತ್ತಿ ತಟ್ಟುತ್ತಾನೆ, ಬಗ್ಗಿಸುತ್ತಾನೆ, ಉಗುರಿನಿಂದ ಕೆರೆಯುತ್ತಾನೆ. “ಅಮ್ಮಾ, ಇದು ಹಿತ್ತಾಳೆ ಅಲ್ಲ, ಮೇಲೆ ಬರೀ ಪಾಲೀಸು” ಅನ್ನುತ್ತಾನೆ. “ಏನಪ್ಪಾ, ನಮಗೇ ಟೋಪಿ ಹಾಕ್ತೀಯಾ?” ಅಂತ ಅಮ್ಮನವರು ಗದರುತ್ತಾರೆ. ಅವನು ಜೇಬಿನಿಂದ ಮ್ಯಾಗ್ನೆಟ್ಟು ತೆಗೆದು ನಲ್ಲಿಗೆ ಹಿಡಿಯುತ್ತಾನೆ. ಟಕ್ ಅಂತ ಅಂಟಿಕೊಳ್ಳುತ್ತದೆ. ವಾದ ಮುಗಿಯಿತು!

ಇದೇನು ಮಹಾ ವಿದ್ಯೆ ಎನ್ನಬೇಡಿ. ಶಾಲೆಯ ವಿಜ್ಞಾನ ಪಾಠದಲ್ಲಿ ‘ವಸ್ತುಗಳ ಭೌತ ಗುಣಗಳು’ ಅಂತ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ದಿನ ನಾವು ಮರೆತುಬಿಟ್ಟ ವಿಷಯ ಇದೇ. ಕಾಠಿಣ್ಯ, ಸಾಂದ್ರತೆ, ಬಾಗುವಿಕೆ, ಅಯಸ್ಕಾಂತಕ್ಕೆ ಅಂಟುವ ಗುಣ. ನಮಗೆ ಅದು ಮಾರ್ಕಿನ ಮಾತು. ಗುಜರಿಯವರಿಗೆ ಅದು ಸಂಜೆಯ ಊಟದ ಮಾತು. ಒಂದು ಚೀಲದಲ್ಲಿ ಬೆರೆತು ಬಿದ್ದಾಗ ಬೆಲೆಯೇ ಇಲ್ಲದ ಮಾಲು, ಬೇರೆ ಬೇರೆ ಮಾಡಿಟ್ಟರೆ ದುಡ್ಡು. ಈ ಬೇರೆ ಮಾಡುವ ಕೆಲಸವೇ ಮೈಸೂರು ರಸ್ತೆಯ ನಾಯಂಡಹಳ್ಳಿಯ ಸುತ್ತ ಒಂದು ದೊಡ್ಡ ಕಸುಬಾಗಿ ಬೆಳೆದಿದೆ. ಕೆಂಗೇರಿ ಕಡೆಗೆ ಮೆಟ್ರೋದಲ್ಲಿ ಕೂತು ಹೋಗುವವರು ಮೇಲಿನಿಂದ ಬಗ್ಗಿ ನೋಡಿದರೆ ತಗಡಿನ ಶೆಡ್ಡುಗಳು, ಮಾಳಿಗೆಯೆತ್ತರ ಪೇರಿಸಿದ ಮೂಟೆಗಳು ಕಾಣುತ್ತವೆ. ಒಳಗೆ ನಡೆಯುವುದು ಮಾತ್ರ ಮೇಲಿನಿಂದ ಕಾಣುವುದಿಲ್ಲ.

ಮೊರದ ಕಾಲದಿಂದಲೂ

ಮೂಲದಲ್ಲಿ ಇದು ನಮ್ಮ ಅಡುಗೆಮನೆಯ ವಿದ್ಯೆಯೇ. ಅಜ್ಜಿ ಮೊರದಲ್ಲಿ ಕೇರಿದರೆ ಹಗುರವಾದ ಹೊಟ್ಟು ಗಾಳಿಗೆ ಹಾರುತ್ತಿತ್ತು, ಕಾಳು ಮೊರದಲ್ಲೇ ಉಳಿಯುತ್ತಿತ್ತು. ಜರಡಿ ಹಿಡಿದರೆ ಗಾತ್ರ ನೋಡಿ ಬೇರೆಯಾಗುತ್ತಿತ್ತು. ನೀರಿಗೆ ಸುರಿದ ಕಡಲೆಯಲ್ಲಿ ಹುಳು ತಿಂದು ಟೊಳ್ಳಾದದ್ದು ತೇಲುತ್ತಿತ್ತು. ಅಕ್ಕಿ ಜಾಲಿಸುವಾಗ ಕಲ್ಲು ತಳಕ್ಕೆ ಇಳಿದು ಅನ್ನಕ್ಕೆ ಬರುವ ಅಕ್ಕಿ ಮೇಲಾಗುತ್ತಿತ್ತು. ರೇಷನ್ ಅಕ್ಕಿಯ ಕಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದೇ ಜಾಲಿಸುವ ಕೆಲಸದಿಂದ ಹೊಟ್ಟೆ ಹೊರೆದವರೂ ಕನ್ನಡ ನಾಡಿನಲ್ಲಿದ್ದರು. ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಕಣ ಹುಡುಕುತ್ತಿದ್ದ ಜಲಗಾರರು ಅವರು. ಮರಳು ನೀರಿಗಿಂತ ಎರಡೂವರೆ ಪಟ್ಟು ಭಾರವಾದರೆ ಚಿನ್ನ 19 ಪಟ್ಟು ಭಾರ. ಮರಿಗೆಯನ್ನು ಹದವಾಗಿ ಆಡಿಸಿದರೆ ಮರಳು ನೀರಿನ ಜೊತೆ ಹೋಗುತ್ತದೆ, ಚಿನ್ನ ತಳದಲ್ಲಿ ಕೂರುತ್ತದೆ. ಜಲಗಾರ ಎಂಬ ಮಾತಿಗೆ ಕಸ ಗುಡಿಸುವವನೆಂಬ ಅರ್ಥವೂ ಕನ್ನಡದಲ್ಲಿ ಬಂದುಬಿಟ್ಟಿದೆ. ಕುವೆಂಪು ಅವರ ನಾಟಕದ ಹೆಸರೇ ಇದೆಯಲ್ಲ! ಚಿನ್ನ ತೊಳೆಯುವವನಿಗೂ ಕಸ ತೆಗೆಯುವವನಿಗೂ ಒಂದೇ ಹೆಸರು. ನಾಯಂಡಹಳ್ಳಿಯನ್ನು ಒಮ್ಮೆ ನೋಡಿ ಬಂದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ.

ಮ್ಯಾಗ್ನೆಟ್ಟೂ ಸುಳ್ಳು ಹೇಳುತ್ತದೆ

ಲೋಹದ ಕಡೆ ಬನ್ನಿ. ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ರಾಜಾಜಿನಗರದ ಕೈಗಾರಿಕಾ ಬಡಾವಣೆಗಳಲ್ಲಿ ಲೇತು ಯಂತ್ರ ತಿರುಗಿಸುವ ಸಣ್ಣ ಶೆಡ್ಡುಗಳಿವೆ. ಲೇತಿನ ಕೆಳಗೆ ಸುರುಳಿ ಸುರುಳಿಯಾಗಿ ಬೀಳುವ ಚೂರಿಗೆ ‘ಟರ್ನಿಂಗ್’ ಅನ್ನುತ್ತಾರೆ. ಬೆಳಿಗ್ಗೆ ಹಿತ್ತಾಳೆ ಕೆಲಸ, ಮಧ್ಯಾಹ್ನ ಕಬ್ಬಿಣದ ಕೆಲಸ. ಎರಡೂ ಚೂರು ಒಂದೇ ಡಬ್ಬಕ್ಕೆ ಗುಡಿಸಿದರೆ ಆಯಿತು ಕಥೆ. ಹಿತ್ತಾಳೆಯ ಬೆಲೆ ಕಬ್ಬಿಣದ ಹಲವು ಪಟ್ಟು. ಆದರೆ ಬೆರಕೆ ಮಾಲಿಗೆ ಹಿತ್ತಾಳೆ ಬೆಲೆಯನ್ನು ಯಾರೂ ಕೊಡುವುದಿಲ್ಲ. ಕೈಯಲ್ಲಿ ತೂಗಿ ನೋಡಿ ಹೇಳೋಣವೆಂದರೆ ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಭಾರ. ಕಬ್ಬಿಣ ನೀರಿನ 7.8 ಪಟ್ಟು, ಹಿತ್ತಾಳೆ ಎಂಟೂವರೆ ಪಟ್ಟಿನ ಆಸುಪಾಸು. ಕಣ್ಣಿಗೂ ಎಣ್ಣೆ ಮೆತ್ತಿದ ಚೂರೆಲ್ಲ ಒಂದೇ ಬಣ್ಣ. ಅಲ್ಲಿ ಕೆಲಸಕ್ಕೆ ಬರುವುದು ಮ್ಯಾಗ್ನೆಟ್ಟೇ. ರಾಶಿ ಹರಡಿ ಮೇಲೆ ಆಡಿಸಿದರೆ ಕಬ್ಬಿಣವೆಲ್ಲ ಗಡ್ಡದಂತೆ ಅಂಟಿಕೊಂಡು ಮೇಲೆ ಬರುತ್ತದೆ.

ಬೀಡು ಕಬ್ಬಿಣಕ್ಕೆ ಬೇರೆ ಪರೀಕ್ಷೆ. ಸುತ್ತಿಗೆ ಏಟು ಬಿದ್ದರೆ ಸಾದಾ ಕಬ್ಬಿಣ ಬಗ್ಗುತ್ತದೆ, ಬೀಡು ಒಡೆಯುತ್ತದೆ. ಒಡೆದ ಕಡೆ ಬೂದುಬಣ್ಣದ ಹರಳು ಕಾಣುತ್ತದೆ. ಸೀಸವಾದರೆ ಉಗುರಿಗೇ ಗೀರು ಬೀಳುವಷ್ಟು ಮೆತು. ಅಲ್ಯೂಮಿನಿಯಂ ಎತ್ತಿದ ಕೂಡಲೇ ಗೊತ್ತಾಗುತ್ತದೆ. ಅದರ ಭಾರ ನೀರಿನ 2.7 ಪಟ್ಟು ಮಾತ್ರ. ತಾಮ್ರದ ವೈರೆಂದು ಬರುವುದನ್ನಂತೂ ಚಾಕುವಿನಿಂದ ಕೆರೆಯದೆ ಯಾರೂ ತಕ್ಕಡಿಗೆ ಹಾಕುವುದಿಲ್ಲ. ಅಲ್ಯೂಮಿನಿಯಂ ತಂತಿಗೆ ಮೇಲೊಂದು ತೆಳು ತಾಮ್ರದ ಪೊರೆ ಕೊಟ್ಟು ಮಾರುವ ಮಾಲು ಮಾರುಕಟ್ಟೆಯಲ್ಲಿ ಉಂಟು. ಕೆರೆದ ಕಡೆ ಬೆಳ್ಳಗೆ ಕಂಡಿತೋ, ಬೆಲೆ ಅರ್ಧಕ್ಕಿಂತ ಕೆಳಗೆ!

ಇನ್ನು ಸ್ಟೀಲ್ ಪಾತ್ರೆ. “ಮ್ಯಾಗ್ನೆಟ್ಟು ಅಂಟದಿದ್ದರೆ ಒಳ್ಳೇ ಸ್ಟೀಲು” ಅಂತ ಪಾತ್ರೆ ಅಂಗಡಿಯಲ್ಲೂ ಹೇಳುತ್ತಾರೆ, ಮನೆಯಲ್ಲೂ ಹೇಳುತ್ತಾರೆ. ಅರ್ಧ ನಿಜ. ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುವ 304 ದರ್ಜೆಯ ಸ್ಟೀಲು ಅಂಟುವುದಿಲ್ಲ ಎಂಬುದು ಸರಿ. ನಿಕ್ಕಲ್ ದುಬಾರಿಯಾದ್ದರಿಂದ ಅದಕ್ಕೆ ಬೆಲೆಯೂ ಹೆಚ್ಚು. ಆದರೆ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 200 ಸರಣಿಯ ಸ್ಟೀಲೂ ಅಂಟುವುದಿಲ್ಲ! ಅದು ಅಗ್ಗ, ಉಪ್ಪು ಹುಳಿಗೆ ಬೇಗ ಕಲೆಯೂ ಬೀಳುತ್ತದೆ. ಇನ್ನೊಂದು ತಮಾಷೆ. ಅಸಲಿ 304ನ್ನೇ ಒತ್ತಿ ಬಗ್ಗಿಸಿ ಆಳವಾದ ಪಾತ್ರೆ ಮಾಡಿದಾಗ ಆ ಬಗ್ಗಿದ ಮೂಲೆಗಳಲ್ಲಿ ಮ್ಯಾಗ್ನೆಟ್ಟು ಸ್ವಲ್ಪ ಎಳೆಯುತ್ತದೆ. ಹಾಗಾಗಿ ಸ್ಟೀಲ್ ವ್ಯಾಪಾರದಲ್ಲಿ ಮ್ಯಾಗ್ನೆಟ್ಟೊಂದನ್ನೇ ನಂಬಿದವನು ಕೆಟ್ಟ. ತಿಳಿದವರು ಸಾಣೆ ಚಕ್ರಕ್ಕೆ ಹಿಡಿದು ಕಿಡಿ ನೋಡುತ್ತಾರೆ, ಅಥವಾ ಔಷಧಿ ತೊಟ್ಟು ಬಿಟ್ಟು ಬಣ್ಣ ನೋಡುತ್ತಾರೆ.

ನೀರಿನ ತೊಟ್ಟಿಯ ತೀರ್ಪು

ಲೋಹ ಎಷ್ಟೋ ವಾಸಿ. ನಿಜವಾದ ತಲೆನೋವು ಪ್ಲಾಸ್ಟಿಕ್ಕು. ಮನೆಯವರಿಗೆ ಪ್ಲಾಸ್ಟಿಕ್ ಎಂದರೆ ಒಂದೇ ಜಾತಿ. ನಾಯಂಡಹಳ್ಳಿಯಲ್ಲಿ ಅದಕ್ಕೆ ಹತ್ತಾರು ಗೋತ್ರ! ಹಾಲಿನ ಕವರು ಬೇರೆ, ಶಾಂಪೂ ಬಾಟ್ಲಿ ಬೇರೆ, ನೀರಿನ ಬಾಟ್ಲಿ ಬೇರೆ, ಅದೇ ಬಾಟ್ಲಿಯ ಮುಚ್ಚಳ ಬೇರೆ. ಮತ್ತೆ ಅದರಲ್ಲಿ ಬಿಳಿ, ಬಣ್ಣ, ಕಪ್ಪು ಅಂತ ಒಳಪಂಗಡ. ಬಾಟ್ಲಿಯ ತಳದಲ್ಲಿ ತ್ರಿಕೋನದ ನಡುವೆ 1ರಿಂದ 7ರವರೆಗೆ ಒಂದು ಅಂಕಿ ಇರುತ್ತದಲ್ಲ, ಅದನ್ನು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಈ ವಿಂಗಡಣೆಗೆಂದೇ ತಂದದ್ದು. ಒಳ್ಳೆಯದೇ. ಆದರೆ ಒಡೆದು ಚೂರಾದ ಬಕೆಟ್ಟಿನಲ್ಲಿ ಅಂಕಿ ಎಲ್ಲಿ ಹುಡುಕುವುದು? ದಿನಕ್ಕೆ ಸಾವಿರಾರು ಚೂರು ಕೈಯಲ್ಲಿ ಹಾದುಹೋಗುವಾಗ ಒಂದೊಂದನ್ನೂ ತಿರುಗಿಸಿ ಓದುತ್ತ ಕೂರುವವರು ಯಾರು?

ಹಾಗಾಗಿ ಶೆಡ್ಡಿನಲ್ಲಿ ರಾಶಿಯ ಸುತ್ತ ಕೂತವರು, ಹೆಚ್ಚಿನ ಪಾಲು ಹೆಂಗಸರು, ಕೈ ಮತ್ತು ಕಿವಿಯಿಂದ ಓದುತ್ತಾರೆ. ಮೇಣದಂತೆ ಜಾರಿದರೆ ಎಚ್‌ಡಿ. ಗರಿಗರಿಯಾಗಿ ಸದ್ದು ಮಾಡಿದರೆ ಪಿಪಿ. ನೆಲಕ್ಕೆ ಬಿಸುಟಾಗ ಗಾಜಿನ ಹಾಗೆ ಟಣ್ ಅಂದು, ಬಗ್ಗಿಸಿದರೆ ಲಟಕ್ಕನೆ ಮುರಿದರೆ ಪಾಲಿಸ್ಟೈರೀನ್. ಬಗ್ಗಿಸಿದ ಕಡೆ ಬೆಳ್ಳನೆ ಗೆರೆ ಮೂಡಿದರೆ ಪಿವಿಸಿ ಇರಬಹುದೆಂದು ಅನುಮಾನ. ಪಾರದರ್ಶಕ ಬಾಟ್ಲಿ ಬಂದರೆ ತಳ ನೋಡುತ್ತಾರೆ. ನಡುವೆ ಚುಕ್ಕೆ ಇದ್ದರೆ ನೀರಿನ ಬಾಟ್ಲಿಯ ಜಾತಿ, ಅಂದರೆ ಪೆಟ್. ಅಡ್ಡಲಾಗಿ ಹೊಲಿಗೆಯಂಥ ಗೆರೆ ಇದ್ದರೆ ಬೇರೆ ಜಾತಿ. ಕಡೆಗೂ ಗೊತ್ತಾಗದಿದ್ದರೆ ಒಂದು ಚೂರಿಗೆ ಬೆಂಕಿ ತೋರಿಸಿ ಮೂಸುತ್ತಾರೆ. ಮೇಣದ ಬತ್ತಿ ವಾಸನೆ ಪಾಲಿಥೀನಿನದು, ಕಪ್ಪು ಮಸಿ ಎದ್ದರೆ ಪಾಲಿಸ್ಟೈರೀನ್, ಬೆಂಕಿಯಿಂದ ಸರಿಸಿದ ಕೂಡಲೇ ಆರಿ ಮೂಗಿಗೆ ಖಾರ ಹೊಡೆದರೆ ಪಿವಿಸಿ. ಮನೆಯಲ್ಲಿ ಯಾರೂ ಇದನ್ನು ಮಾಡಿ ನೋಡಬೇಡಿ. ಆ ಖಾರ ಹೈಡ್ರೋಕ್ಲೋರಿಕ್ ಆಮ್ಲದ್ದು. ಶೆಡ್ಡಿನವರ ಶ್ವಾಸಕೋಶವೂ ನಮ್ಮದರಂತೆ ಮಾಂಸದ್ದೇ, ಅವರೂ ಅದನ್ನು ಮೂಸಬಾರದು. ಆದರೆ ಅವರಿಗೆ ಬೇರೆ ಯಂತ್ರ ಯಾರು ಕೊಡಿಸಿದ್ದಾರೆ?

ಕೈಯಿಂದ ಆರಿಸಿದ್ದು ಮೆಷಿನ್ನಿಗೆ ಹೋಗಿ ಚೂರಾಗುತ್ತದೆ. ಆಮೇಲೆ ನೀರಿನ ತೊಟ್ಟಿ. ಇಲ್ಲಿ ನಡೆಯುವುದು ನೋಡಲು ಚೆಂದ. ನೀರಿನ ಬಾಟ್ಲಿಯನ್ನು ಮುಚ್ಚಳದ ಸಮೇತ ಪುಡಿ ಮಾಡಿ ತೊಟ್ಟಿಗೆ ಸುರಿದರೆ ಬಾಟ್ಲಿಯ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಪೆಟ್ ನೀರಿಗಿಂತ 1.38 ಪಟ್ಟು ಭಾರ. ಮುಚ್ಚಳ ಎಚ್‌ಡಿಯೋ ಪಿಪಿಯೋ ಆಗಿರುವುದರಿಂದ ನೀರಿಗಿಂತ ಹಗುರ. ಜರಡಿಯಿಂದ ಮೇಲಿನದನ್ನು ಬಾಚಿದರೆ ಮುಗಿಯಿತು. ಕಡಲೆ ನೆನೆಹಾಕಿ ಹುಳುಕು ಬಾಚಿದ ಅಜ್ಜಿಯ ಕೆಲಸವೇ!

ಆದರೆ ನೀರು ಕೊಡುವುದು ಅರ್ಧ ತೀರ್ಪು. ಎಚ್‌ಡಿ, ಎಲ್‌ಡಿ, ಪಿಪಿ ಮೂರೂ ತೇಲುತ್ತವೆ. ಪೆಟ್ಟೂ ಪಿವಿಸಿಯೂ ಎರಡೂ ಮುಳುಗುತ್ತವೆ. ಸೀಮೆಸುಣ್ಣದ ಪುಡಿ ಹೆಚ್ಚಾಗಿ ಸೇರಿಸಿ ಅಚ್ಚು ಹಾಕಿದ ಅಗ್ಗದ ಪಿಪಿ ಕುರ್ಚಿ, ತೇಲಬೇಕಾದದ್ದು, ಮುಳುಗಿ ಮೋಸ ಮಾಡುತ್ತದೆ. ಪೆಟ್ಟಿನ ಜೊತೆ ಪಿವಿಸಿ ಹೋದರಂತೂ ಅನಾಹುತ. ಪೆಟ್ ಕರಗಲು ಸುಮಾರು 250 ಡಿಗ್ರಿ ಶಾಖ ಬೇಕು. ಆ ಶಾಖದಲ್ಲಿ ಪಿವಿಸಿ ಕರಗುವುದಿಲ್ಲ, ಕೊಳೆಯುತ್ತದೆ. ಆಮ್ಲ ಬಿಟ್ಟು ಇಡೀ ಮಾಲನ್ನು ಹಳದಿ ಮಾಡುತ್ತದೆ, ಕಪ್ಪು ಚುಕ್ಕೆ ಬೀಳಿಸುತ್ತದೆ, ಯಂತ್ರವನ್ನೂ ತಿನ್ನುತ್ತದೆ. ಸಾವಿರ ಕೆಜಿಗೆ ಒಂದು ಕೆಜಿ ಸೇರಿದರೂ ಕೊಳ್ಳುವವನು ಮಾಲು ವಾಪಸ್ ಕಳಿಸುತ್ತಾನೆ. ಆ ಒಂದು ಕೆಜಿ ತಪ್ಪಿಸಿಕೊಳ್ಳದಂತೆ ಕಾಯುವುದು ಯಾವ ತೊಟ್ಟಿಯೂ ಅಲ್ಲ, ರಾಶಿಯ ಮುಂದೆ ಕೂತಿರುವ ಆ ಕೈ. ದಿನಗೂಲಿಯ ಕೈ.

ಸರಿಯಾಗಿ ಬೇರೆಯಾದ ಮಾಲು ಮುಂದೆ ಕರಗಿ, ಎಳೆಯಾಗಿ, ಕತ್ತರಿಸಿದ ಕಾಳಾಗುತ್ತದೆ. ವ್ಯಾಪಾರದವರು ‘ದಾನಾ’ ಅನ್ನುತ್ತಾರೆ. ಎಚ್‌ಡಿ ದಾನಾ ಮತ್ತೆ ಪೈಪೋ ಕ್ಯಾನೋ ಆಗುತ್ತದೆ. ಪೆಟ್ ಚೂರು ಪಾಲಿಯೆಸ್ಟರ್ ನೂಲಾಗುತ್ತದೆ. ನೀವು ಕುಡಿದು ಬಿಸುಟ ಬಾಟ್ಲಿ ದಿಂಬಿನ ಹತ್ತಿಯಾಗಿ ನಿಮ್ಮ ತಲೆಯಡಿಗೇ ಬಂದಿರಲೂಬಹುದು!

ಎಲ್ಲವೂ ಚೆನ್ನಾಗಿದೆ ಎಂದೇನೂ ಅಲ್ಲ. ತೊಳೆದ ನೀರನ್ನು ಸೋಸದೆ ಚರಂಡಿಗೆ ಬಿಟ್ಟರೆ ಪಕ್ಕದಲ್ಲೇ ವೃಷಭಾವತಿ. ಅಲ್ಲಿಂದ ಕೆಂಗೇರಿ ದಾಟಿ ಬೈರಮಂಗಲ ಕೆರೆಯತ್ತ. ಮೈಸೂರು ರಸ್ತೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಆ ನದಿಯ ಪರಿಚಯ ಮೂಗಿನಿಂದಲೇ ಇದೆ. ಊರಿನ ಅರ್ಧ ಕೊಳಚೆ ಹೊತ್ತ ನದಿಗೆ ಇದೂ ಒಂದು ಪಾಲು. ತಾಮ್ರಕ್ಕಾಗಿ ಖಾಲಿ ಸೈಟುಗಳಲ್ಲಿ ವೈರು ಸುಡುವ ಚಟ ಇನ್ನೂ ಕೆಟ್ಟದ್ದು. ಸುಲಿದು ತೆಗೆದರೆ ತಾಮ್ರಕ್ಕೆ ಒಳ್ಳೇ ಬೆಲೆಯೂ ಸಿಗುತ್ತದೆ, ನೆರೆಹೊರೆಯವರ ಕೆಮ್ಮೂ ತಪ್ಪುತ್ತದೆ.

ಅಂಗಡಿಯವರ ಗೋಳು

ಈಗ ಕೌಂಟರಿನ ಹಿಂದೆ ಕೂತವರ ಸರದಿ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್ ಎಲ್ಲವನ್ನೂ ನಿಷೇಧಿಸಿತು. ದಪ್ಪ ಎಷ್ಟೇ ಇರಲಿ, ನಿಷೇಧವೇ. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಸ್ಟ್ರಾ, ಚಮಚ, ಥರ್ಮೋಕೋಲ್ ಅಲಂಕಾರ ಮುಂತಾದ ಒಂದಷ್ಟು ಸಾಮಾನನ್ನು ದೇಶಕ್ಕೆಲ್ಲ ನಿಷೇಧಿಸಿತು. ಅದೇ ವರ್ಷ ಡಿಸೆಂಬರ್ 31ರಿಂದ ಕೈಚೀಲಕ್ಕೆ ಕೇಂದ್ರದ ಲೆಕ್ಕ 120 ಮೈಕ್ರಾನ್. ತಲೆಗೂದಲೊಂದರ ದಪ್ಪ ಹೆಚ್ಚು ಕಡಿಮೆ 70 ಮೈಕ್ರಾನ್ ಎಂದರೆ ಅಂದಾಜು ಸಿಕ್ಕೀತು. ಬಸವೇಶ್ವರನಗರದ ತರಕಾರಿ ಅಂಗಡಿಯವರು ಕಣ್ಣಿಂದ ನೋಡಿ ಮೈಕ್ರಾನ್ ಹೇಳಬೇಕೆ? ದಂಡ ಹಾಕಲು ಬರುವವರ ಹತ್ತಿರವೂ ಅಳೆಯುವ ಉಪಕರಣ ಇರಬೇಕಲ್ಲ!

ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಬಟ್ಟೆಯ ಹಾಗೆ ಕಾಣುವ, ಬಣ್ಣಬಣ್ಣದ ಚೀಲ. “ಇದು ಬಟ್ಟೆ ಸ್ವಾಮಿ, ಪ್ಲಾಸ್ಟಿಕ್ ಅಲ್ಲ” ಅಂತ ಸಗಟು ವ್ಯಾಪಾರಿ ಕೊಟ್ಟುಹೋಗುತ್ತಾನೆ. ನಾನ್-ವೋವನ್ ಎಂಬ ಆ ಚೀಲ ಅಪ್ಪಟ ಪಾಲಿಪ್ರೊಪಿಲೀನ್. ಪಿಪಿಯ ಸಣ್ಣ ಎಳೆಗಳನ್ನು ಬಿಸಿಯಿಂದ ಒತ್ತಿ ಹಾಳೆ ಮಾಡಿದ್ದು. ಗೊತ್ತುಮಾಡಿಕೊಳ್ಳುವುದು ಕಷ್ಟವಲ್ಲ. ಹತ್ತಿ ಬಟ್ಟೆಯಾದರೆ ನೇಯ್ಗೆಯ ಅಡ್ಡ ಉದ್ದ ಎಳೆ ಕಣ್ಣಿಗೆ ಕಾಣುತ್ತದೆ, ಇದರಲ್ಲಿ ಎಳೆಯೇ ಬಿಡಿಸಲು ಬಾರದು, ಒತ್ತಿದ ಚುಕ್ಕೆಗಳಷ್ಟೇ. ಒಂದು ತುಂಡು ಬಕೆಟ್ ನೀರಿನಲ್ಲಿ ಅದ್ದಿ ಹಿಂಡಿ ಬಿಡಿ. ಹತ್ತಿ ನೀರು ಕುಡಿದು ಮುಳುಗುತ್ತದೆ, ಇದು ಮತ್ತೆ ಮೇಲೆ ಬರುತ್ತದೆ. ಖರೀದಿಗೆ ಮುಂಚೆ ಇಷ್ಟು ನೋಡಿಕೊಂಡರೆ ದಂಡದ ಚೀಟಿ ಹರಿಯುವಾಗ ಜಗಳವಿರುವುದಿಲ್ಲ.

ಹಾಲಿನ ಬೂತಿನವರಿಗೆ, ಹೋಟೆಲಿನವರಿಗೆ ಒಂದು ಮಾತು. ಹಾಲಿನ ಕವರು ಎಲ್‌ಡಿ ಜಾತಿಯ ಒಳ್ಳೇ ಮಾಲು, ಗುಜರಿಯಲ್ಲಿ ಬೇಡಿಕೆ ಇದೆ. ಕತ್ತರಿಸುವಾಗ ಮೂಲೆಯ ತುಂಡನ್ನು ಪೂರ್ತಿ ಬೇರೆ ಮಾಡದೆ, ಒಂದು ಸಲ ನೀರಲ್ಲಿ ಅಲುಬಿ ಒಣಗಿಸಿದರೆ ಬೆಲೆ. ಹಾಲು ಉಳಿದು ಹುಳಿತು ನಾರಿದರೆ ಅದೇ ಕವರು ಕಸ. ರಟ್ಟಿನ ಪೆಟ್ಟಿಗೆಯೂ ಹಾಗೆ. ನೀರು ಚಿಮುಕಿಸಿ ತೂಕ ಹೆಚ್ಚಿಸುವ ಜಾಣರಿದ್ದಾರೆ. ಗುಜರಿಯವನು ಮೂಟೆಯ ನಡುವೆ ಅಂಗೈ ತೂರಿಸಿ ತಣ್ಣಗಿದೆಯೆಂದರೆ ಕೆಜಿಗೆ ಇಷ್ಟು ಅಂತ ಮುರಿದುಕೊಳ್ಳುತ್ತಾನೆ. ಜಾಣತನ ಅಲ್ಲಿಗೆ ಸಮ!

ಮಂಡೂರು ಕಲಿಸಿದ್ದು

ಈ ವಿಂಗಡಣೆ ಮನೆಯಲ್ಲೇ ಆಗಬೇಕೆಂದು ಬೆಂಗಳೂರು ಒಪ್ಪಿದ್ದು ಬುದ್ಧಿ ಬಂದಲ್ಲ, ಪೆಟ್ಟು ಬಿದ್ದು. ದಶಕಗಟ್ಟಲೆ ಎಲ್ಲವನ್ನೂ ಒಂದೇ ಲಾರಿಗೆ ತುಂಬಿ ಹಳ್ಳಿಗಳ ಪಕ್ಕ ಸುರಿದದ್ದೇ ಕೆಲಸ. ಮಾವಳ್ಳಿಪುರದಲ್ಲಿ 2012ರಲ್ಲಿ ಸುರಿಯುವುದು ನಿಂತಿತು. ಆ ವರ್ಷ ಊರೆಲ್ಲ ನಾರಿತು. ಅಕ್ಟೋಬರ್ 1ರಿಂದ ಹಸಿ, ಒಣ ಬೇರೆ ಮಾಡಬೇಕೆಂದು ಬಿಬಿಎಂಪಿ ಕಡ್ಡಾಯ ಮಾಡಿತು. ಮಂಡೂರಿನವರು ದಾರಿಗಡ್ಡ ಕೂತು ಹೋರಾಡಿ 2014ರ ಕೊನೆಗೆ ಲಾರಿಗಳನ್ನು ನಿಲ್ಲಿಸಿಯೇ ಬಿಟ್ಟರು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಹೇಳಿತು. ಹಸಿರು ಬುಟ್ಟಿಗೆ ಹಸಿ, ಕೆಂಪು ಬುಟ್ಟಿಗೆ ಡಯಾಪರ್, ಪ್ಯಾಡಿನಂಥದ್ದು, ಚೀಲಕ್ಕೆ ಒಣಕಸ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು. ಬೋರ್ಡು ಬದಲಾದಾಗ ಬುಟ್ಟಿ ಬದಲಾಗಲಿಲ್ಲ.

ವಾರ್ಡುಗಳ ಒಣಕಸ ಕೇಂದ್ರಗಳನ್ನು ಹಲವು ಕಡೆ ನಡೆಸುತ್ತಿರುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ. ಹಸಿರು ದಳದಂಥ ಸಂಘಟನೆಗಳು ಅವರ ಬೆನ್ನಿಗೆ ನಿಂತವು, ಪಾಲಿಕೆಯಿಂದ ಗುರುತಿನ ಚೀಟಿ ಸಿಕ್ಕಿತು. 2016ರ ಕೇಂದ್ರ ನಿಯಮಗಳಲ್ಲಿ ಚಿಂದಿ ಆಯುವವರ ಹೆಸರೂ ಬಂತು. ನಿನ್ನೆಯವರೆಗೆ ಪೊಲೀಸರು ಕಳ್ಳರೆಂದು ಓಡಿಸುತ್ತಿದ್ದವರಿಗೆ ಇದು ಸಣ್ಣ ಮಾತಲ್ಲ. ಆದರೆ ಪಿವಿಸಿಯನ್ನು ಪೆಟ್ಟಿನಿಂದ ಬೇರೆ ಮಾಡುವ ಕೈಗೆ ಕುಶಲ ಕಾರ್ಮಿಕನ ಕೂಲಿ ಬಂದಿದೆಯೇ ಎಂದರೆ ಇಲ್ಲ. ಲೇತು ತಿರುಗಿಸುವವನು ಕುಶಲಿ, ಲೇತಿನ ಚೂರು ಬೇರೆ ಮಾಡುವವಳು ‘ಹೆಲ್ಪರ್’!

ಯಾರಿಗೂ ಬೇಡದ ಪೊಟ್ಟಣ

ಇಷ್ಟೆಲ್ಲ ಪರೀಕ್ಷೆಗಳನ್ನೂ ಸೋಲಿಸುವ ಒಂದು ಮಾಲಿದೆ. ಚಿಪ್ಸ್, ಬಿಸ್ಕತ್ತು, ಗುಟ್ಕಾದ ಹೊಳೆಯುವ ಪೊಟ್ಟಣ. ಒಳಗಿನ ಹೊಳಪು ಅಲ್ಯೂಮಿನಿಯಂ, ಒಂದು ಮೈಕ್ರಾನಿಗಿಂತಲೂ ತೆಳು. ಅದರ ಆಚೀಚೆ ಬೇರೆ ಬೇರೆ ಪ್ಲಾಸ್ಟಿಕ್ ಪದರ, ನಡುವೆ ಅಂಟು ಮತ್ತು ಶಾಯಿ. ಮ್ಯಾಗ್ನೆಟ್ಟಿಗೆ ಅಂಟದು. ತೊಟ್ಟಿಗೆ ಹಾಕಿದರೆ ಬಹಳಷ್ಟು ತೇಲಿ ಹಾಲಿನ ಕವರಿನ ಜೊತೆ ಸೇರಿ ಅದನ್ನೂ ಕೆಡಿಸುತ್ತದೆ. ಕರಗಿಸೋಣವೆಂದರೆ ಒಂದು ಪದರ ಕರಗುವ ಶಾಖಕ್ಕೆ ಇನ್ನೊಂದು ಕರಗದು. ಬಿಡಿಬಿಡಿಯಾಗಿದ್ದರೆ ಪ್ರತಿಯೊಂದಕ್ಕೂ ಕೊಳ್ಳುವವರಿದ್ದರು, ಒಟ್ಟಿಗೆ ಬೆಸೆದದ್ದರಿಂದ ಯಾರಿಗೂ ಬೇಡ.

ನಿಜವಾದ ಅಲ್ಯೂಮಿನಿಯಂ ಹಾಳೆಯೋ ಈ ಪೊಟ್ಟಣವೋ ಎಂದು ತಿಳಿಯಲು ಮುಷ್ಟಿಯಲ್ಲಿ ಮುದುರಿ ಕೈಬಿಡಿ. ಮುದುರಿದ ಹಾಗೇ ಉಳಿದರೆ ಲೋಹ. ಪರಪರ ಅಂತ ಮತ್ತೆ ಬಿಚ್ಚಿಕೊಂಡರೆ ಪ್ಲಾಸ್ಟಿಕ್. ಒಣಕಸ ಕೇಂದ್ರದಲ್ಲಿ ಬಿಚ್ಚಿಕೊಂಡದ್ದನ್ನೆಲ್ಲ ಒಂದು ಕಡೆ ಎಸೆಯುತ್ತಾರೆ. ಅದಕ್ಕೆ ಉಳಿದಿರುವ ದಾರಿ ಸಿಮೆಂಟ್ ಕಾರ್ಖಾನೆಯ ಕುಲುಮೆ. 1,400 ಡಿಗ್ರಿ ದಾಟಿದ ಬೆಂಕಿಯಲ್ಲಿ ಕಲ್ಲಿದ್ದಲಿನ ಜೊತೆ ಉರಿಯುತ್ತದೆ. ಕುಲುಮೆಗಳಿರುವುದು ಬೆಂಗಳೂರಿನಿಂದ ನೂರಾರು ಕಿಲೋಮೀಟರ್ ದೂರದಲ್ಲಿ, ಮಾಲು ಹಗುರ, ಲಾರಿ ಬಾಡಿಗೆ ಭಾರ. ಒಂದು ಲೋಡು ಸೇರುವ ತನಕ ಅದು ಮೂಟೆ ಕಟ್ಟಿಸಿಕೊಂಡು ಕೇಂದ್ರದ ಮೂಲೆಯಲ್ಲೇ ಬಿದ್ದಿರುತ್ತದೆ. ಮಳೆ ಬಂದರೆ ಮೇಲೊಂದು ಟಾರ್ಪಾಲು.